ಮಾವನ ಎಂಜಿನ್ನಿಗೆ ತಕ್ಕ ಬೋಗಿಗಳು

ನನ್ನ ಬಗ್ಗೆ ನಮ್ಮ ವಠಾರದಲ್ಲಿ ಎರಡು ಮಾತು ಓಡಾಡುತ್ತಿವೆ. ಕಂಡವರ ಮನೆಗೆ ನುಗ್ಗಿ ಮಕ್ಕಳ ಆಟಿಕೆಗಳನ್ನು ತಲೆಕೆಳಗು ಮಾಡಿ ನೋಡುತ್ತೇನೆ ಎಂಬುದು ಒಂದು. ಕೆಳಗಿನ ಮನೆಯ ನಿವೃತ್ತ ರೈಲ್ವೆ ಗಾರ್ಡಿಗೆ ‘ನಿಮಗೆ ರೈಲಿನ ಗಂಧಗಾಳಿಯೂ ಇಲ್ಲ’ ಎಂದೆ ಎಂಬುದು ಇನ್ನೊಂದು. ಎರಡೂ ನಿಜ. ಆದರೆ ಹಿಂದುಮುಂದಿಲ್ಲದೆ ಹೇಳಿದ ನಿಜ ಸುಳ್ಳಿಗಿಂತ ಕೆಟ್ಟದಾಗಿ ಕೇಳಿಸುತ್ತದೆ. ಅದಕ್ಕೇ ನಡೆದದ್ದನ್ನೆಲ್ಲ ಕ್ರಮವಾಗಿ ದಾಖಲು ಮಾಡುತ್ತಿದ್ದೇನೆ. ದಾಖಲು ಮಾಡುವುದು ನನ್ನ ಕಸುಬು. ಇಪ್ಪತ್ತಾರು ವರ್ಷಗಳಿಂದ ನಾನು ಸರ್ಕಾರಿ ಕಚೇರಿಯೊಂದರ ದಾಖಲೆ ಕೋಣೆಯ ಗುಮಾಸ್ತ.

ಇಷ್ಟಕ್ಕೆಲ್ಲ ಮೂಲ ನನ್ನ ಷಡ್ಡಕ, ಅಂದರೆ ನಾದಿನಿಯ ಗಂಡ. ಫ್ರಿಜ್ಜು, ವಾಷಿಂಗ್ ಮೆಷಿನ್ನು ಮಾರುವ ಮಳಿಗೆಯಲ್ಲಿ ಕೆಲಸ. ನಗುನಗುತ್ತಾ ಮಾತಾಡಿ ಬೇಡದವರಿಗೂ ಬೇಕೆನಿಸುವಂತೆ ಮಾಡುವುದೇ ಅವನ ವಿದ್ಯೆ. ಆ ವಿದ್ಯೆಯನ್ನು ಅವನು ಮಳಿಗೆಯಲ್ಲಿ ಬಿಟ್ಟು ಬಂದಿದ್ದರೆ ನನ್ನ ತಕರಾರಿರಲಿಲ್ಲ. ನಮ್ಮ ಮಾವನ ಮೇಲೂ ಪ್ರಯೋಗಿಸಿದ.

ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಕೆಲಸ ಬಿಟ್ಟು ಹತ್ತು ವರ್ಷವಾದರೂ ಕಣ್ಣು ಈಗಲೂ ಸೂಜಿ. ಅವರ ಗಾಜಿನ ಬೀರುವಿನಲ್ಲಿ ಒಂದು ತಗಡಿನ ಆಟದ ಎಂಜಿನ್ನಿದೆ. ಗೇಣುದ್ದ, ಹಸಿರು ಬಣ್ಣ, ಅಲ್ಲಲ್ಲಿ ಸಿಪ್ಪೆ ಎದ್ದಿದೆ. ಪಕ್ಕದಲ್ಲಿ ಕೀಲಿ ತಿರುಗಿಸಿದರೆ ಕಟಕಟ ಸದ್ದು ಮಾಡುತ್ತಾ ಓಡುತ್ತದೆ. ಅವರು ಚಿಕ್ಕವರಿದ್ದಾಗ ಅವರಪ್ಪ ತಂದುಕೊಟ್ಟದ್ದು. ವಾರಕ್ಕೊಮ್ಮೆ ಅದಕ್ಕೆ ಒಂದು ಹನಿ ಎಣ್ಣೆ ಬಿಡುತ್ತಾರೆ. ಬೇರೆ ಯಾರೂ ಮುಟ್ಟುವಂತಿಲ್ಲ.

ಆ ಭಾನುವಾರ ಎಲ್ಲರೂ ಅಲ್ಲಿ ಊಟಕ್ಕೆ ಸೇರಿದ್ದೆವು. ಷಡ್ಡಕ ಚೀಲದಿಂದ ಕೆಂಪು-ಹಳದಿ ಪ್ಲಾಸ್ಟಿಕ್ ಬೋಗಿ ಎರಡನ್ನು ತೆಗೆದ. ಮಾವನ ಎಂಜಿನ್ನಿನ ಹಿಂದೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ.

“ಹೇಗಿದೆ ಮಾವ? ಪಾಪ, ಎಂಜಿನ್ ಒಂಟಿಯಾಗಿತ್ತು,” ಅಂದ.

ಮನೆಯವರೆಲ್ಲ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು.

“ತೆಗಿ ಅದನ್ನ! ಎಂಜಿನ್ನಿಗೂ ಒಂದು ಕಾಲ ಅಂತ ಇರುತ್ತಪ್ಪ. ಅದರ ಕಾಲದ ಬೋಗಿನೇ ಅದಕ್ಕೆ ಹೊಂದಬೇಕು. ತಗಡಿನ ಎಂಜಿನ್ನಿಗೆ ಪ್ಲಾಸ್ಟಿಕ್ ಕಟ್ಟೋದು ಅಂದ್ರೆ ಅಜ್ಜನ ಕಾಲಿಗೆ ಮೊಮ್ಮಗನ ಬೂಟು ತುರುಕಿದ ಹಾಗೆ. ಇದು ಎಂಜಿನ್ನಿಗೆ ಅವಮಾನ!”

“ಹಾಗಾದ್ರೆ ಇದು ಯಾವ ಕಾಲದ್ದು ಭಾವ? ನಿಮಗೆ ಗೊತ್ತಿರಬೇಕಲ್ಲ,” ಎಂದ ಷಡ್ಡಕ. ನನಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತಿತ್ತು.

“ಗೊತ್ತಿದೆ. ಆಧಾರ ಸಮೇತ ಹೇಳ್ತೀನಿ.”

ಮಾವ ತಟ್ಟೆಯಿಂದ ತಲೆ ಎತ್ತಿದರು. “ಊಟ ಮಾಡೋಕೆ ಬಿಡ್ತೀರಾ ಇಬ್ರೂ? ಮುಂದಿನ ತಿಂಗಳು ನನಗೆ ಎಂಬತ್ತು ತುಂಬುತ್ತೆ. ಅಷ್ಟರಲ್ಲಿ ಸರಿಯಾದ ಬೋಗಿ ಯಾರು ತಂದು ಜೋಡಿಸ್ತೀರೋ ಎಂಜಿನ್ ಅವರದ್ದು. ಈಗ ಆ ಉಪ್ಪು ಈ ಕಡೆ ತಳ್ಳಿ.”

ಉಪ್ಪು ತಳ್ಳಿದವನು ನಾನೇ. ಆಗಲೇ ನಿರ್ಧರಿಸಿದೆ. ಓದುಗರು ನನ್ನನ್ನು ಆಸೆಬುರುಕ ಎಂದುಕೊಳ್ಳಬಾರದು. ನನಗೆ ಬೇಕಾಗಿದ್ದು ಎಂಜಿನ್ನಲ್ಲ. ಮದುವೆಯಾಗಿ ಹದಿನೆಂಟು ವರ್ಷವಾಯಿತು, ಮಾವ ಒಮ್ಮೆಯೂ ನನಗೆ ಭೇಷ್ ಅಂದವರಲ್ಲ. ಒಂದು ಸಲ ನನ್ನ ಕೈಗಡಿಯಾರ ರಿಪೇರಿಗೆ ಕೊಟ್ಟಾಗ ಕಿವಿಗೆ ಹಿಡಿದು ಕೇಳಿ, “ಇದನ್ನ ಕಟ್ಟಿಕೊಂಡು ಓಡಾಡ್ತಿದ್ದೀಯಾ?” ಎಂದಿದ್ದರು. ಷಡ್ಡಕನ ಗಡಿಯಾರವನ್ನು ಮಾತ್ರ ಕೂತು ಸರಿಮಾಡಿ ಕೊಟ್ಟರು. ಆ ನೋವು ನನಗೆ ಇವತ್ತಿಗೂ ಇದೆ.

ಮಾವ ಊಟ ಮುಗಿಸಿ ಮಲಗಿದ ಮೇಲೆ ನಾನು ಬೀರು ತೆರೆದು ಎಂಜಿನ್ನನ್ನು ಅಂಗಾತ ಮಾಡಿದೆ. ಚಕ್ರಗಳ ನಡುವೆ ತಗಡಿನ ಮೇಲೆ ನಾಲ್ಕು ಅಂಕಿ ಒತ್ತಿದ್ದರು: 1907. ನಮ್ಮ ದಾಖಲೆ ಕೋಣೆಯಲ್ಲಿ ಪ್ರತಿ ಕಡತದ ಬೆನ್ನಿನ ಮೇಲೂ ಹೀಗೇ ನಾಲ್ಕು ಅಂಕಿ ಇರುತ್ತದೆ. ಅದು ಕಡತದ ವರ್ಷ. ಅದನ್ನು ನೋಡಿಯೇ ಕಡತ ಯಾವ ಕಪಾಟಿನದೆಂದು ಕಣ್ಣುಮುಚ್ಚಿ ಹೇಳಬಲ್ಲೆ. ಇನ್ನು ಅನುಮಾನವೆಲ್ಲಿಂದ ಬರಬೇಕು?

“ಅಪ್ಪ ಹುಟ್ಟೋಕೆ ಮೊದಲೇ ಮಾಡಿದ್ದಾ ಇದು?” ಎಂದಳು ಹೆಂಡತಿ.

“ಹಳೇದನ್ನೇ ತಂದಿರಬಹುದು.”

“ಬೋಗಿ ಹೇಗಿತ್ತು ಅಂತ ಅಪ್ಪನ್ನೇ ಒಂದು ಮಾತು ಕೇಳಬಾರದಾ?”

“ನೆನಪನ್ನ ನಂಬಬಾರದು. ದಾಖಲೇನ ನಂಬಬೇಕು,” ಎಂದೆ. ಅವಳು ಕೈ ಮುಗಿದು ಒಳಗೆ ಹೋದಳು.

ಪೇಟೆಯಲ್ಲಿ ಹಳೆಯ ಆಟಿಕೆ ರಿಪೇರಿ ಮಾಡುವ ಒಬ್ಬಾಕೆ ಇದ್ದಾರೆ. ಮಹಡಿ ಮೆಟ್ಟಿಲ ಕೆಳಗಿನ ಸಂದಿಯೇ ಅವರ ಅಂಗಡಿ. ಗೋಡೆಯ ತುಂಬ ಕೈ ಇಲ್ಲದ ಗೊಂಬೆಗಳು, ಕಿವಿ ಇಲ್ಲದ ಕರಡಿಗಳು. ಆಕೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಒಂದು ತಗಡಿನ ಕಪ್ಪೆಗೆ ಬೆಸುಗೆ ಹಾಕುತ್ತಿದ್ದರು. ನಾನು ಫೋನಿನಲ್ಲಿದ್ದ ಎಂಜಿನ್ನಿನ ಚಿತ್ರ ತೋರಿಸಿದೆ. ಆಕೆ ಒಂದು ಕ್ಷಣ ನೋಡಿ, ಏಣಿ ಹತ್ತಿ, ರಟ್ಟಿನ ಡಬ್ಬಿಯೊಂದನ್ನು ಇಳಿಸಿದರು. ಒಳಗೆ ಮೂರು ತಗಡಿನ ಬೋಗಿಗಳು. ಅದೇ ಹಸಿರು. ಕಿಟಕಿಗಳಲ್ಲಿ ಪ್ರಯಾಣಿಕರ ಮುಖ ಅಚ್ಚು ಹಾಕಿದ್ದರು.

“ಕೊಕ್ಕೆ ನೋಡಿ ಸರ್. ನಿಮ್ಮ ಎಂಜಿನ್ನಿಂದೂ ಇದೇ ಥರ. ಹೊಂದುತ್ತೆ.”

ನಾನು ಜೇಬಿನಿಂದ ಭೂತಗನ್ನಡಿ ತೆಗೆದು ಒಂದೊಂದನ್ನೇ ಮಗುಚಿದೆ. 1908. 1909. 1910.

“ಏನಮ್ಮಾ ಇದು? 1907ರ ಎಂಜಿನ್ 1910ರ ಬೋಗಿ ಎಳೆಯೋದಾ? ಈ ಬೋಗಿ ಹುಟ್ಟೋಕೆ ಆಗಿನ್ನೂ ಮೂರು ವರ್ಷ ಇತ್ತು!”

“ಸ್ವಲ್ಪ ಕೇಳಿ ಸರ್, ಆ ನಂಬರು...”

“ನಂಬರು ಓದೋಕೆ ನನಗೆ ಬರುತ್ತೆ.”

“ಬರುತ್ತೆ ಸರ್. ಅದೇ ತೊಂದರೆ.”

“ಇನ್ನೊಂದು ನೋಡಿ,” ಎಂದು ನಾನು ಕಿಟಕಿಯೊಂದಕ್ಕೆ ಬೆರಳಿಟ್ಟೆ. “ಈ ಗಂಡಸಿನ ಕೈಯಲ್ಲಿ ಕೈಗಡಿಯಾರ! 1907ರಲ್ಲಿ ಗಂಡಸರು ಗಡಿಯಾರನ ಜೇಬಲ್ಲಿ ಇಟ್ಕೊಳ್ತಿದ್ರು. ನಮ್ಮ ಮಾವ ಗಡಿಯಾರದವರು, ಹತ್ತು ಮಾರು ದೂರದಿಂದ ಕಂಡುಹಿಡೀತಾರೆ. ನನ್ನ ಮಾನ ತೆಗೀಬೇಕು ಅಂತಿದ್ದೀರಾ?”

ಆಕೆ ಡಬ್ಬಿ ಮುಚ್ಚಿ ಮತ್ತೆ ಕಪ್ಪೆಯ ಕಡೆ ತಿರುಗಿದರು. ಮಾತು ಮುಗಿಯುವ ಮುನ್ನವೇ ಬೆನ್ನು ಹಾಕುವುದು ಯಾವ ಮರ್ಯಾದೆ? ಕಚೇರಿಯಲ್ಲಿ 1907ರ ಕಡತಕ್ಕೆ 1908ರ ಹಾಳೆ ಸೇರಿಸಿದವನಿಗೆ ನಾನೇ ನೋಟಿಸು ಕೊಡಿಸಿದ್ದೇನೆ. ಅಂಥ ನಾನು ನನ್ನ ಮಾವನಿಗೆ ಮೋಸ ಮಾಡಲೇ?

ಹೊರಗೆ ಸಿಗದ್ದು ವಠಾರದಲ್ಲೇ ಸಿಗಬಹುದೆಂದು ಅಲ್ಲಿ ಶುರು ಮಾಡಿದೆ. ಮೂವತ್ತಾರು ಮನೆ. ಪ್ರತಿ ಮನೆಯಲ್ಲೂ ಅಟ್ಟ, ಪ್ರತಿ ಅಟ್ಟದಲ್ಲೂ ಹಳೆಯ ಆಟಿಕೆ. ನಾನು ಗಂಟೆ ಒತ್ತಿ, ನಮಸ್ಕಾರ ಹೇಳಿ, ಭೂತಗನ್ನಡಿ ತೆಗೆದು, ಕೈಗೆ ಸಿಕ್ಕ ಆಟಿಕೆಯನ್ನು ಮಗುಚಿ ನೋಡುತ್ತಿದ್ದೆ. ವಿವರಿಸುತ್ತಾ ಕೂತರೆ ಮೂವತ್ತಾರು ಮನೆ ಮುಗಿಯುವುದಿಲ್ಲ. ಎರಡನೇ ಮಹಡಿಯ ದಂತವೈದ್ಯೆಯ ಮಗಳು ಆನೆಯ ಮೇಲೆ ಕೂತು ಆಡುತ್ತಿದ್ದಳು. ಆನೆಯನ್ನು ಮಗುಚಬೇಕಾದರೆ ಅವಳನ್ನು ಇಳಿಸದೆ ಬೇರೆ ದಾರಿಯಿರಲಿಲ್ಲ. ಅವಳು ಕಿರುಚಿದ್ದು ಮೂರು ಮಹಡಿಗೂ ಕೇಳಿಸಿತು.

ಮರುದಿನ ಸೂಚನಾ ಫಲಕದಲ್ಲಿ ಒಂದು ಹಾಳೆ: “ನಿವಾಸಿಯೊಬ್ಬರು ಮನೆಮನೆಗೆ ನುಗ್ಗಿ ಮಕ್ಕಳ ಆಟಿಕೆಗಳ ತಳ ಪರೀಕ್ಷಿಸುತ್ತಿದ್ದಾರೆ. ಇಂಥ ಪರೀಕ್ಷೆಗೆ ಸಂಘ ಯಾರನ್ನೂ ನೇಮಿಸಿಲ್ಲ. ಎಚ್ಚರಿಕೆಯಿಂದಿರಿ.” ಕೆಳಗೆ ಕಾರ್ಯದರ್ಶಿಯ ಸಹಿ. ಕಾರ್ಯದರ್ಶಿ ಬೇರೆ ಯಾರೂ ಅಲ್ಲ, ಕೆಳಗಿನ ಮನೆಯ ಗಾರ್ಡು. ನಾನು ಸೀದಾ ಅವರ ಬಾಗಿಲು ಬಡಿದೆ.

“ನೀವು ರೈಲಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ನೀವಾದ್ರೂ ನನ್ನ ಪರ ನಿಲ್ಲಬೇಡವಾ?”

“ನಾನು ನಲವತ್ತು ವರ್ಷ ರೈಲಿನ ಕೊನೇ ಬೋಗಿಯಲ್ಲಿ ಕೂತವನು ಸ್ವಾಮಿ. ಮುಂದೆ ಯಾವ ಎಂಜಿನ್ನಿತ್ತು ಅಂತ ಒಂದು ದಿನಾನೂ ನೋಡಿಲ್ಲ. ಎಳೀತಿತ್ತು, ಹೋಗ್ತಿದ್ದೆ.”

“ಎಂಜಿನ್ನಿಗೂ ಬೋಗಿಗೂ ಕಾಲ ಹೊಂದಬೇಕು ಅಂತ ನಿಮಗೆ ಅನಿಸಲೇ ಇಲ್ವಾ?”

“ನಮಗೆ ಟೈಮ್ ಹೊಂದಿದ್ರೆ ಸಾಕಾಗಿತ್ತು. ಅದೂ ಹೊಂದುತ್ತಿರಲಿಲ್ಲ.”

ಆಗ ನಾನು ಆ ಗಂಧಗಾಳಿಯ ಮಾತು ಹೇಳಿದ್ದು. ಇಷ್ಟು ಕೇಳಿದ ಮೇಲೆ ಯಾರಾದರೂ ಹೇಳುತ್ತಿದ್ದರು.

ಸುದ್ದಿ ಹೇಗೋ ಕಚೇರಿ ಮುಟ್ಟಿತು. ಮೇಲಧಿಕಾರಿ ಕರೆಸಿದರು. ಭೂತಗನ್ನಡಿ ಕಚೇರಿಯದು, ಅದರ ವಿಚಾರಣೆ ಇರಬೇಕೆಂದು ಹೆದರಿಕೊಂಡೇ ಹೋದೆ. ಅವರು ಎಲ್ಲ ಕೇಳಿ, ಕಣ್ಣು ಅರಳಿಸಿ, “ಎಷ್ಟು ವರ್ಷ ಆಯ್ತ್ರೀ ಈ ಕಚೇರಿಯಲ್ಲಿ ಒಂದು ಅರ್ಥ ಇರೋ ಕೆಲಸ ನಡೆದು! ಕಡತ ತೆರೀರಿ,” ಎಂದರು. ಕಡತದ ಹೆಸರು ‘ಎಂಜಿನ್-ಬೋಗಿ ಕಾಲಸಾಮ್ಯ’. ಮೊದಲ ಹಾಳೆಯಲ್ಲಿ ಅವರೇ ಬರೆದರು: ‘ಪತ್ರಿಕಾ ಪ್ರಕಟಣೆ ಕೊಡಬಹುದು.’

ಕೊಟ್ಟೆ. “1907 ಬೇಕಾಗಿದೆ. ತಗಡಿನದು. ಬೇರೆ ವರ್ಷದವರು ಸಂಪರ್ಕಿಸಬೇಡಿ.”

ಮೂರು ದಿನ ಫೋನು ಬಡಿದುಕೊಂಡಿತು. ಒಬ್ಬರು, “ನಮ್ಮ ಅಜ್ಜ 1907ರವರು, ಅವರ ಟ್ರಂಕು ತಗಡಿಂದು, ಆಗುತ್ತಾ?” ಎಂದರು. ಇನ್ನೊಬ್ಬರು ಛಾವಣಿಯ ತಗಡು ಕೊಡಲು ಸಿದ್ಧರಿದ್ದರು, ಆದರೆ ನಾವೇ ಹತ್ತಿ ಬಿಚ್ಚಿಕೊಳ್ಳಬೇಕು. ಜನಕ್ಕೆ ಓದಲು ಕಲಿಸಿದವರನ್ನು ಹಿಡಿದು ಕೇಳಬೇಕೆನಿಸಿತು.

ನಾಲ್ಕನೇ ದಿನ ದೂರದ ಊರಿನಿಂದ ಒಬ್ಬ ನಿವೃತ್ತ ಶಿಕ್ಷಕಿಯ ಪತ್ರ ಬಂತು. ಮುತ್ತು ಪೋಣಿಸಿದಂಥ ಅಕ್ಷರ. “ನಮ್ಮ ಅಟ್ಟದಲ್ಲಿ ಒಂದು 1907 ಇದೆ. ಆಟದ ರೈಲಿನದು, ತಗಡಿನದು, ಪೆಟ್ಟಿಗೆ ಸಮೇತ. ಕಳಿಸಲೇ?” ಎರಡೆರಡು ಸಲ ಓದಿದೆ. ಕೂಡಲೇ ಬರೆದೆ: “ಕಳಿಸಿ.”

ಪೆಟ್ಟಿಗೆ ಬಂತು. ಹಳೆಯ ರಟ್ಟು, ಸುತ್ತ ಸೆಣಬಿನ ದಾರ, ಗಂಟಿನ ಮೇಲೆ ಅರಗಿನ ಮುದ್ರೆ, ಬದಿಯಲ್ಲಿ ದಪ್ಪಕ್ಷರದಲ್ಲಿ 1907. ಹೆಂಡತಿ ಕತ್ತರಿ ಹಿಡಿದುಕೊಂಡೇ ಬಂದಳು.

“ಒಳಗೇನಿದೆ ಒಂದ್ಸಲ ನೋಡೋಣ.”

“ಮುಟ್ಟಬೇಡ! ಮುದ್ರೆ ಹಾಕಿದ್ದನ್ನ ಸಾಕ್ಷಿಗಳ ಎದುರೇ ಒಡೀಬೇಕು. ನಿಯಮ.”

“ಇದು ನಿಮ್ಮ ಕಚೇರಿ ಅಲ್ಲ. ನಮ್ಮ ಅಡುಗೆಮನೆ.”

“ನಿಯಮಕ್ಕೆ ಅಡುಗೆಮನೆ, ಪಡಸಾಲೆ ಅಂತ ಭೇದ ಇಲ್ಲ,” ಎಂದೆ. ಹನ್ನೊಂದು ದಿನ ಪೆಟ್ಟಿಗೆ ಬೀರುವಿನ ಮೇಲಿತ್ತು. ನಾನು ದಿನಕ್ಕೆರಡು ಸಲ ಅದರ ಮುದ್ರೆ ಪರೀಕ್ಷಿಸಿದೆ.

ಮಾವನ ಹುಟ್ಟಿದ ದಿನ ಮನೆ ತುಂಬ ಜನ. ನನ್ನ ಮೇಲಧಿಕಾರಿ ಸಾಕ್ಷಿಯಾಗಿ ಕಡತ ಸಮೇತ ಬಂದಿದ್ದರು. ಮಾವ ಹೊಸ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಎಂಜಿನ್ನು ಮೇಜಿನ ಮೇಲೆ. ನಾನು ನಾಲ್ಕು ಮಾತಾಡಿದೆ. ಕಾಲ ಅಂದರೇನು, ಕಾಲಕ್ಕೆ ತಕ್ಕುದು ಎಂದರೇನು, ಪ್ಲಾಸ್ಟಿಕ್ ಎಂದರೇನು. ಷಡ್ಡಕ ಆಕಳಿಸಿದ. ನಾನು ಮುದ್ರೆ ಒಡೆದು, ದಾರ ಬಿಚ್ಚಿ, ಮುಚ್ಚಳ ತೆಗೆದು, ಕಾಗದ ಸರಿಸಿದೆ.

ಒಳಗೆ ಒಂದು ಎಂಜಿನ್ನಿತ್ತು. ಅದೇ ಹಸಿರು, ಅದೇ ಗೇಣುದ್ದ, ಅದೇ ಕೀಲಿ.

ನಾನು ಅದನ್ನು ಮಗುಚಿ ನೋಡಿದೆ. 1907.

“ಭಾವ,” ಎಂದ ಷಡ್ಡಕ ಬಹಳ ಮೆದುವಾಗಿ, “ಇದು ಬೋಗಿನಾ?”

ಮೇಲಧಿಕಾರಿ ಕಡತ ತೆರೆದು, ಏನೂ ಬರೆಯದೆ ಮುಚ್ಚಿದರು.

ಷಡ್ಡಕ ಮೇಜಿನ ಕೆಳಗಿನಿಂದ ರಟ್ಟಿನ ಡಬ್ಬಿಯೊಂದನ್ನು ತೆಗೆದ. ಮೆಟ್ಟಿಲ ಕೆಳಗಿನ ಅಂಗಡಿಯ ಅದೇ ಡಬ್ಬಿ, ಅದೇ ಮೂರು ಬೋಗಿ. “ಅಂಗಡಿಯಲ್ಲಿ ಕೇಳಿದೆ, ಈ ಎಂಜಿನ್ನಿಗೆ ಯಾವುದು ಹೊಂದುತ್ತೆ ಅಂತ. ಕೊಟ್ರು. ಅದು ವರ್ಷ ಅಲ್ವಂತೆ ಭಾವ, ಕಂಪನಿಯವರ ಪಟ್ಟಿ ನಂಬರಂತೆ. ಎಂಜಿನ್ 1907, ಬೋಗಿಗಳು 1908, 1909, 1910. ಯಾರೋ ಒಬ್ರು ಬಂದು ಕೂಗಾಡಿ ಬಿಟ್ಟುಹೋದ್ರು ಅಂತ ಆಯಮ್ಮ ಹೇಳ್ತಿದ್ರು.”

ಕೊಕ್ಕೆಗೆ ಕೊಕ್ಕೆ ಕೂಡಿತು. ಟಕ್, ಟಕ್, ಟಕ್. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಮೇಲಧಿಕಾರಿಯೂ ತಟ್ಟಿದರು, ಇದನ್ನು ನಾನು ಮರೆಯುವುದಿಲ್ಲ. ಒಂದು ಕಂಪನಿ ತನ್ನ ನಂಬರನ್ನು ನೋಡಿದರೆ ವರ್ಷವೆನಿಸುವಂತೆ ಹಾಕಿದರೆ ಅದು ಯಾರ ತಪ್ಪು? ಕೇಳುವವರಿಲ್ಲ.

ಮಾವ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಬೋಗಿಗಳನ್ನೇ ನೋಡುತ್ತಾ, “ಚೆನ್ನಾಗಿದೆ. ಯಾರದ್ದಿದು?” ಎಂದರು.

“ನಿಮ್ದೇ ಮಾವ. ನಿಮ್ಮ ಎಂಜಿನ್ನಿನ ಅಸಲಿ ಬೋಗಿ,” ಎಂದ ಷಡ್ಡಕ.

“ನನಗೆಲ್ಲಿ ಇತ್ತಪ್ಪ ಬೋಗಿ?” ಎಂದರು ಮಾವ. “ನಮ್ಮಪ್ಪ ಎಂಜಿನ್ ಒಂದನ್ನೇ ತಂದಿದ್ದು. ಬೋಗಿ ಮುಂದಿನ ಸಲ ಅಂದ್ರು. ಮುಂದಿನ ಸಲ ಅನ್ನೋದು ಬರಲೇ ಇಲ್ಲ. ನಾನು ಬೆಂಕಿಪೊಟ್ಟಣ ದಾರದಲ್ಲಿ ಪೋಣಿಸಿ ಹಿಂದೆ ಕಟ್ಟಿಕೊಳ್ತಿದ್ದೆ. ಮೂರು ಪೊಟ್ಟಣ. ಏನು ಚೆನ್ನಾಗಿ ಹೋಗ್ತಿತ್ತು ಗೊತ್ತಾ! ಈಗ ಒಂದು ಸಲ ನೋಡೋಣ, ತನ್ನಿ ಪೊಟ್ಟಣ.”

ಎಲ್ಲರೂ ಅಡುಗೆಮನೆಗೆ ಓಡಿದರು. ಒಲೆಗೂ ದೇವರ ದೀಪಕ್ಕೂ ಲೈಟರು, ಪೊಟ್ಟಣವೇ ಇಲ್ಲ. ನಾದಿನಿ ಎದುರುಮನೆಗೆ ಹೋಗಿ ಬಂದಳು, ಅವರಲ್ಲೂ ಲೈಟರು. ಷಡ್ಡಕ ಬೀದಿ ಕೊನೆಯ ಅಂಗಡಿವರೆಗೆ ಓಡಿ ಏದುಸಿರು ಬಿಡುತ್ತಾ ಬಂದ. ಅಂಗಡಿಗೆ ವಾರದ ರಜೆ.

“ಹೋಗಲಿ ಬಿಡಿ,” ಎಂದರು ಮಾವ. ಅವರ ಮುಖ ಸಪ್ಪಗಾಯಿತು. ಎಂಬತ್ತು ವರ್ಷದ ಮುಖ ಅಷ್ಟು ಬೇಗ ಎಂಟು ವರ್ಷದ್ದಾಗುವುದನ್ನು ನಾನು ನೋಡಿರಲಿಲ್ಲ. ನನಗೆ ಸಂಕಟವಾಯಿತು.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಇಷ್ಟು ಹೊತ್ತು ಹೇಳದೆ ಇದ್ದುದಕ್ಕೆ ಕಾರಣ, ಅದಕ್ಕೂ ಈ ಪ್ರಕರಣಕ್ಕೂ ಸಂಬಂಧವಿರಲಿಲ್ಲ. ಮೂರು ವರ್ಷದ ಹಿಂದೆ ಡಾಕ್ಟರ ಎದುರು, ಹೆಂಡತಿಯ ಕೈ ಹಿಡಿದು, ಸಿಗರೇಟು ಬಿಟ್ಟೆ ಎಂದು ಮಾತು ಕೊಟ್ಟಿದ್ದೇನೆ. ಮಾತು ಕೊಟ್ಟದ್ದು ನಿಜ.

ಮಾವನ ಮುಖ ನೋಡಿದೆ. ಹೆಂಡತಿಯ ಮುಖ ನೋಡಿದೆ. ಪ್ಯಾಂಟಿನ ಒಳಜೇಬಿಗೆ ಕೈ ಹಾಕಿ ಒಂದು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟೆ.

“ಅರೆ!” ಎಂದು ಮಾವ ನೆಟ್ಟಗೆ ಕೂತರು.

ಹೆಂಡತಿ ನನ್ನ ಕಡೆ ತಿರುಗಿದಳು. “ಇದೇನು?”

“ಕಚೇರಿಯದು. ಅರಗು ಕರಗಿಸೋಕೆ.”

ಉತ್ತರ ನನಗೇ ಇಷ್ಟವಾಯಿತು. ಮೇಲಧಿಕಾರಿಯೂ ತಲೆಯಾಡಿಸಿದರು. ಅಲ್ಲಿಗೇ ನಿಂತಿದ್ದರೆ ಬಚಾವಾಗುತ್ತಿದ್ದೆ.

“ಒಂದೇ ಆದ್ರೆ ಹೇಗಪ್ಪ?” ಎಂದರು ಮಾವ. ಆಗಲೇ ದಾರ ಕೈಗೆತ್ತಿಕೊಂಡಿದ್ದರು.

ನಾನು ಕನ್ನಡಕದ ಡಬ್ಬಿ ತೆರೆದೆ. ಕನ್ನಡಕದ ಕೆಳಗೆ ಎರಡನೇ ಪೊಟ್ಟಣವಿತ್ತು.

“ಕನ್ನಡಕಕ್ಕೂ ಅರಗು ಹಾಕ್ತೀರಾ?” ಎಂದಳು ಹೆಂಡತಿ.

ನಾನು ಡಬ್ಬಿ ಮುಚ್ಚಿದೆ. ಷಡ್ಡಕನಿಗೆ ನಗು ತಡೆಯಲಾಗುತ್ತಿರಲಿಲ್ಲ. ನನ್ನ ಸಂಸಾರಕ್ಕೆ ಬೆಂಕಿ ಬೀಳುತ್ತಿರುವಾಗ ಹಲ್ಲು ಕಿರಿಯುವವನು ಎಂಥ ನೆಂಟ? ಮಾವ ಎರಡನ್ನೂ ದಾರದಲ್ಲಿ ಪೋಣಿಸಿ ನನ್ನನ್ನೇ ನೋಡಿದರು. “ಮೂರಿತ್ತು ನನಗೆ,” ಎಂದರು ಮೆಲ್ಲಗೆ. ಹದಿನೆಂಟು ವರ್ಷದಲ್ಲಿ ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ನಾನು ಎದ್ದು ಹೊರಗೆ ಹೋದೆ. ಸ್ಕೂಟರಿನ ಸೀಟು ಎತ್ತಿದೆ. ಮೂರನೇ ಪೊಟ್ಟಣ ತಂದು ಕೊಟ್ಟೆ. ಹೆಂಡತಿ ಏನೂ ಹೇಳಲಿಲ್ಲ. ಅದು ಒಳ್ಳೆಯ ಲಕ್ಷಣವಲ್ಲವೆಂದು ಮದುವೆಯಾದ ಎಲ್ಲರಿಗೂ ಗೊತ್ತು.

ಮಾವ ತಗಡಿನ ಬೋಗಿಗಳನ್ನು ಕಳಚಿ, ಪೊಟ್ಟಣಗಳನ್ನು ಹಿಂದೆ ಕಟ್ಟಿ, ಕೀಲಿ ತಿರುಗಿಸಿ ಎಂಜಿನ್ನನ್ನು ನೆಲಕ್ಕಿಟ್ಟರು. ಅದು ಕಟಕಟನೆ ಹೊರಟಿತು. ಹಿಂದೆ ಮೂರು ಪೊಟ್ಟಣಗಳು ಅತ್ತಿತ್ತ ಓಲಾಡುತ್ತಾ, ಒಳಗೆ ಕಡ್ಡಿಗಳು ಗಿಲಗಿಲ ಎನ್ನುತ್ತಾ ಹೋದವು. ಎಂಜಿನ್ನು ಕುರ್ಚಿಯ ಕೆಳಗೆ ಹೊಕ್ಕಾಗ ಮಾವ ಹೊಸ ಅಂಗಿಯಲ್ಲೇ ನೆಲಕ್ಕೆ ಮಂಡಿಯೂರಿ, ತಲೆ ಬಗ್ಗಿಸಿ, ಆ ಕಡೆಯಿಂದ ಬರುವುದನ್ನು ಕಾದರು. ಬಂತು. ಅವರು ಕೇಕೆ ಹಾಕಿ ನಕ್ಕರು.

ಆಮೇಲೆ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, “ಭೇಷ್. ಎಂಜಿನ್ ನಿಂದು. ಸರಿಯಾದ್ದು ತಂದವನು ನೀನೇ,” ಎಂದರು. ಷಡ್ಡಕ ಏನೋ ಹೇಳಲು ಬಾಯಿ ತೆರೆದ. “ನೀನು ತಂದದ್ದು ಅಂಗಡಿಯದ್ದು,” ಎಂದರು ಮಾವ. ನನ್ನ ಕಣ್ಣು ತುಂಬಿ ಬಂತು. ಮೇಲಧಿಕಾರಿ ಅದನ್ನೂ ಕಡತದಲ್ಲಿ ಬರೆದುಕೊಂಡರು.

ಮನೆಗೆ ಹೊರಟೆವು. ನಾನು ಸ್ಕೂಟರು ಓಡಿಸುತ್ತಿದ್ದೆ. ಹಿಂದೆ ಹೆಂಡತಿ ಎರಡು ಎಂಜಿನ್ನುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಪೇಟೆ ದಾಟಿತು, ಸೇತುವೆ ದಾಟಿತು, ಅವಳ ಬಾಯಿಗೆ ಬೀಗ. ಗೆದ್ದು ಬಂದ ಗಂಡನಿಗೆ ಒಂದು ಒಳ್ಳೆಯ ಮಾತು ಬೇಡವೇ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು. ವಠಾರದ ಗೇಟಿನ ಹತ್ತಿರ ಬಂದಾಗ ಕೊನೆಗೂ ಅವಳು ನನ್ನ ಕಿವಿಯ ಬಳಿ ಬಾಗಿದಳು.

“ನಾಲ್ಕನೇ ಬೋಗಿ ಎಲ್ಲಿಟ್ಟಿದ್ದೀರಿ?”

“ಕಚೇರಿಯಲ್ಲಿ,” ಎಂದೆ. “1907ರ ಕಪಾಟಿನಲ್ಲಿ.”